ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಲಾಸಿಗೆ ಯಾವ ಚಿತ್ರಪುಸ್ತಕ?

ಚಿತ್ರಪುಸ್ತಕಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೇಲಿ ಕೇಳಿದ್ವಿ. ಬಂದಿದ್ರಲ್ಲಿ ಮುಕ್ಕಾಲು ಪಾಲು ಟೀಚರ್‌ಗಳದ್ದೇ, ಅದ್ರಲ್ಲೂ ಒಂದರಿಂದ ಮೂರನೇ ಕ್ಲಾಸ್ ತಗೊಳ್ಳೋರದ್ದು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದೀವಿ.

ಪ್ರಶ್ನೆ: ನಾನು ಒಂದನೇ ಕ್ಲಾಸ್ ಟೀಚರ್. ಕ್ಲಾಸಿನ ಶೆಲ್ಫಿಗೆ ಚಿತ್ರಪುಸ್ತಕ ಆರಿಸೋ ಜವಾಬ್ದಾರಿ ಈ ಸಲ ನಂದು. ಎಲ್ಲಾನೂ ಬಣ್ಣಬಣ್ಣವಾಗಿ ಚೆನ್ನಾಗೇ ಕಾಣ್ಸುತ್ತೆ. ಯಾವ್ದು ನಿಜವಾಗ್ಲೂ ಕ್ಲಾಸಲ್ಲಿ ಕೆಲಸಕ್ಕೆ ಬರುತ್ತೆ ಅಂತ ಕಂಡುಹಿಡಿಯೋದು ಹೇಗೆ? ಟೈಮೂ ಜಾಸ್ತಿ ಇಲ್ಲ.

ಟೈಮ್ ಇಲ್ಲಾಂದ್ರೂ ಒಂದು ಕೆಲಸ ಮಾತ್ರ ಬಿಡ್ಬೇಡಿ, ಪ್ರತಿ ಪುಸ್ತಕನೂ ಎರಡು ಸಲ ನೋಡಿ. ಮೊದಲ ಸಲ ಅಕ್ಷರ ಇರೋ ಜಾಗಕ್ಕೆ ಕೈ ಅಡ್ಡ ಇಟ್ಕೊಂಡು ಬರೀ ಚಿತ್ರ ನೋಡ್ತಾ ಹೋಗಿ, ಕಥೆ ಎಷ್ಟು ಗೊತ್ತಾಗುತ್ತೆ ನೋಡಿ. ಎರಡನೇ ಸಲ ಚಿತ್ರದ ಕಡೆ ಗಮನ ಕೊಡದೆ ಮಾತನ್ನ ಮಾತ್ರ ಜೋರಾಗಿ ಓದಿ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚನೆ ಮಾಡಿ. 'ಹುಡುಗಿ ಕೆಂಪು ಚೆಂಡು ಎಸೆದಳು' ಅಂತ ಬರ್ದಿದೆ, ಚಿತ್ರದಲ್ಲಿ ಹುಡುಗಿ ಕೆಂಪು ಚೆಂಡು ಎಸೀತಿದಾಳೆ, ಅಷ್ಟು ಬಿಟ್ರೆ ಬೇರೇನೂ ಇಲ್ಲ, ಪುಟ ತಿರುಗ್ಸಿದ್ರೆ ಅಲ್ಲೂ ಅದೇ ಕಥೆ, ಅಂಥ ಪುಸ್ತಕನ ಪಕ್ಕಕ್ಕಿಡಿ. ಅದ್ರಲ್ಲಿ ಚಿತ್ರ ಬರೀ ಅಲಂಕಾರಕ್ಕಿದೆ, ಅದನ್ನಿಟ್ಕೊಂಡು ಮಕ್ಕಳು ಮಾತಾಡೋಕೆ ಏನೂ ಇಲ್ಲ. ನೀವು ಓದಿ ಮುಗಿಸ್ತೀರ, ಅವರು ಕೇಳಿ ಮುಗಿಸ್ತಾರೆ.

ಇದಕ್ಕೆ ಪೂರಾ ಉಲ್ಟಾ ಒಂದು ಪುಸ್ತಕ ಅಂದ್ರೆ ಪ್ಯಾಟ್ ಹಚಿನ್ಸ್ 1968ರಲ್ಲಿ ಮಾಡಿದ 'ರೋಸೀಸ್ ವಾಕ್'. ಇಡೀ ಪುಸ್ತಕದಲ್ಲಿರೋದು ಇಂಗ್ಲಿಷಿನ 32 ಪದ, ಒಂದೇ ವಾಕ್ಯ. ರೋಸಿ ಅನ್ನೋ ಕೋಳಿ ಅಂಗಳ ದಾಟಿ, ಕೆರೆ ಸುತ್ತಿ, ಹುಲ್ಲು ಬಣವೆ ದಾಟ್ಕೊಂಡು ವಾಕಿಂಗ್ ಹೋಗಿ ಊಟದ ಹೊತ್ತಿಗೆ ವಾಪಸ್ ಬರುತ್ತೆ, ಮಾತಲ್ಲಿ ಇರೋದು ಇಷ್ಟೇ. ಆದ್ರೆ ಚಿತ್ರದಲ್ಲಿ ಅದರ ಹಿಂದೆ ಒಂದು ನರಿ ಬರ್ತಾ ಇದೆ, ಹಾರೋಕೆ ಹೋಗಿ ಪ್ರತಿ ಸಲ ಒಂದೊಂದು ಪೆಟ್ಟು ತಿಂತಾ ಇದೆ, ಆ ನರಿ ವಿಷಯ ಮಾತಲ್ಲಿ ಒಂದೇ ಒಂದು ಕಡೆನೂ ಬರಲ್ಲ. ಟೀಚರ್ ಗಂಭೀರವಾಗಿ ಕೋಳಿ ಬಗ್ಗೆ ಓದ್ತಿರ್ತಾರೆ, ಮಕ್ಕಳು 'ನರಿ! ಹಿಂದೆ ನರಿ ಇದೆ!' ಅಂತ ಕೂಗ್ತಿರ್ತಾರೆ. ಓದೋಕೆ ಬರದ ಮಗುಗೂ ಇಲ್ಲಿ ಟೀಚರ್‌ಗಿಂತ ಜಾಸ್ತಿ ಗೊತ್ತಿರುತ್ತೆ, ಮಗು ಬಾಯಿ ಬಿಡೋದು ಅದಕ್ಕೇ. ಎಲ್ಲಾ ಪುಸ್ತಕನೂ ಈ ಮಟ್ಟಕ್ಕೆ ಇರ್ಬೇಕು ಅಂತಲ್ಲ, ಆದ್ರೆ ಮಕ್ಕಳಿಗೆ ಹೇಳೋಕೆ ಅಂತ ಏನಾದ್ರೂ ಉಳಿಸಿರೋ ಪುಸ್ತಕನೇ ಕ್ಲಾಸಿಗೆ ಬೇಕಾಗಿರೋದು. ನಾನು ನೋಡೋ ಮೊದಲ ಅಂಶ ಇದೇ, ಬಣ್ಣ, ಬೈಂಡಿಂಗ್, ವಿಷಯ ಎಲ್ಲಾ ಆಮೇಲೆ.

ಚಿತ್ರಕ್ಕೆ ಇಷ್ಟು ತೂಕ ಯಾಕೆ ಅಂತ ಕೆಲವರಿಗೆ ಅನ್ನಿಸ್ಬೋದು. ದೊಡ್ಡೋರು ಕಥೆ ಓದಿ ಹೇಳುವಾಗ ಪುಟ್ಟ ಮಕ್ಕಳ ಕಣ್ಣು ಪುಟದಲ್ಲಿ ಎಲ್ಲಿರುತ್ತೆ ಅಂತ ಕೆನಡಾದ ಮೇರಿ ಆನ್ ಇವಾನ್ಸ್ ಮತ್ತೆ ಜಾನ್ ಸೇಂಟ್-ಆಬಿನ್ ಕಣ್ಣಿನ ಚಲನೆ ಅಳೆಯೋ ಯಂತ್ರ ಇಟ್ಟು ನೋಡಿ 2005ರಲ್ಲಿ ಪ್ರಕಟ ಮಾಡಿದ್ರು. ಮಕ್ಕಳು ಅಕ್ಷರದ ಕಡೆ ನೋಡೋದೇ ಅಪರೂಪ, ಹೆಚ್ಚುಕಮ್ಮಿ ಇಡೀ ಹೊತ್ತು ಚಿತ್ರದ ಮೇಲೇ ಇರ್ತಾರೆ ಅಂತ ಅದ್ರಲ್ಲಿ ಗೊತ್ತಾಯ್ತು. ಅಂದ್ಮೇಲೆ ನಾವು ಮಾತು ಓದ್ತಾ ಇರೋ ಅಷ್ಟೂ ಹೊತ್ತು ಅವರು ಚಿತ್ರನ ಓದ್ತಾ ಇರ್ತಾರೆ, ಆ ಚಿತ್ರದಲ್ಲಿ ಓದೋಕೆ ಏನಾದ್ರೂ ಇರ್ಬೇಕಲ್ವಾ.

ಪುಟ ತಿರುಗ್ಸೋ ಜಾಗನೂ ಗಮನಿಸಿ. ಚಿತ್ರಪುಸ್ತಕದಲ್ಲಿ ಸಾಮಾನ್ಯವಾಗಿ 32 ಪುಟ ಇರುತ್ತೆ, ದೊಡ್ಡ ಹಾಳೇಲಿ ಪ್ರಿಂಟ್ ಮಾಡಿ ಮಡಿಸಿ ಕತ್ತರಿಸೋದ್ರಿಂದ ಎಂಟರ, ಹದಿನಾರರ ಲೆಕ್ಕದಲ್ಲೇ ಪುಟ ಬರೋದು. ಅಷ್ಟು ಕಮ್ಮಿ ಪುಟದಲ್ಲಿ ಒಳ್ಳೇ ಲೇಖಕರು ಪ್ರತಿ ತಿರುವಿನಲ್ಲೂ 'ಮುಂದೇನು' ಅನ್ನೋ ಪ್ರಶ್ನೆ ಇಟ್ಟಿರ್ತಾರೆ. ಮಾರಿಸ್ ಸೆಂಡಾಕ್ 1963ರಲ್ಲಿ ಮಾಡಿದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ನೋಡಿದ್ರೆ ಮೊದಮೊದಲು ಚಿತ್ರ ಪುಟದ ಮಧ್ಯ ಪುಟ್ಟದಾಗಿರುತ್ತೆ, ಹುಡುಗನ ರೂಮು ಕಾಡಾಗ್ತಾ ಆಗ್ತಾ ಚಿತ್ರನೂ ಬೆಳೀತಾ ಹೋಗುತ್ತೆ, ಆ ದೈತ್ಯ ಪ್ರಾಣಿಗಳ ಜೊತೆ ಕುಣಿಯೋ ಹೊತ್ತಿಗೆ ಮಾತೇ ಇಲ್ಲದೆ ಎರಡೂ ಪುಟ ತುಂಬಿಕೊಳ್ಳುತ್ತೆ. ಚಿತ್ರದ ಸೈಜೇ ಕಥೆ ಹೇಳ್ತಾ ಇದೆ. ನೀವು ಆರಿಸೋ ಪುಸ್ತಕದಲ್ಲೂ ಪುಟ ತಿರುಗಿಸೋ ಮುಂಚೆ ಒಂದು ಸೆಕೆಂಡ್ ನಿಂತು, ಮುಂದೆ ಏನಿರ್ಬೋದು ಅಂತ ನಿಮಗೇ ಕುತೂಹಲ ಬರುತ್ತಾ ನೋಡ್ಕೊಳ್ಳಿ. ಬಂದ್ರೆ ಮಕ್ಕಳಿಗೂ ಬರುತ್ತೆ.

ಪ್ರಶ್ನೆ: ನಮ್ಮ ಕ್ಲಾಸಲ್ಲಿ ನಲವತ್ತಕ್ಕೂ ಜಾಸ್ತಿ ಮಕ್ಕಳು. ಪುಸ್ತಕ ಹಿಡ್ಕೊಂಡು ತೋರ್ಸಿದ್ರೆ ಮುಂದಿನ ಸಾಲಿನವರಿಗೆ ಮಾತ್ರ ಕಾಣುತ್ತೆ, ಹಿಂದಿನವರು ಗಲಾಟೆ ಶುರು ಮಾಡ್ತಾರೆ. ಏನ್ಮಾಡ್ಲಿ?

ಹಿಂದಿನವರದ್ದು ತಪ್ಪಿಲ್ಲ, ಕಾಣದೇ ಇದ್ರೆ ಯಾರು ತಾನೇ ಸುಮ್ನೆ ಕೂತ್ಕೋತಾರೆ. ಇದು ಆರಿಸುವಾಗ್ಲೇ ಯೋಚನೆ ಮಾಡ್ಬೇಕಾದ ವಿಷಯ. ಪುಸ್ತಕನ ತೆರೆದು ಬೋರ್ಡ್ ಹತ್ರ ಆನಿಸಿಟ್ಟು ನೀವು ಹೋಗಿ ಕೊನೇ ಬೆಂಚಲ್ಲಿ ಕೂತು ನೋಡಿ. ಯಾರು, ಎಲ್ಲಿ, ಏನು ಮಾಡ್ತಿದಾರೆ ಅನ್ನೋದು ಅಲ್ಲಿಂದ ಗೊತ್ತಾದ್ರೆ ಇಡೀ ಕ್ಲಾಸಿಗೆ ಆಗುತ್ತೆ. ದೊಡ್ಡ ಆಕಾರ, ಗಟ್ಟಿ ಗೆರೆ, ಹಿನ್ನೆಲೇಲಿ ಖಾಲಿ ಜಾಗ ಇರೋ ಚಿತ್ರ ದೂರಕ್ಕೆ ಚೆನ್ನಾಗಿ ಕಾಣುತ್ತೆ. ತೆಳು ಬಣ್ಣದ್ದು, ಪುಟದ ತುಂಬಾ ಸಣ್ಣಸಣ್ಣ ವಿವರ ತುಂಬಿರೋದು ಎಷ್ಟೇ ಚೆಂದ ಇದ್ರೂ ಐದಾರು ಮಕ್ಕಳ ಗುಂಪಿಗೆ ಸರಿ. ಹಾಗಂತ ಅವನ್ನ ಬಿಡೋದು ಬೇಡ, ಬೇರೆಯಾಗಿ ಇಟ್ಕೊಳ್ಳಿ, ಗುಂಪಲ್ಲಿ ಹುಡುಕೋ ಆಟಕ್ಕೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಇನ್ನೊಂದು ಎರಡು ಪುಟದ ನಡುವಿನ ಮಡಿಕೆ. ಮುಖ್ಯ ಪಾತ್ರದ ಮುಖ ಸರಿಯಾಗಿ ಆ ಮಡಿಕೇಲೇ ಸಿಕ್ಕಾಕೊಂಡಿರೋ ಪುಸ್ತಕಗಳಿವೆ, ಹಿಡಿದು ತೋರ್ಸುವಾಗ ಅರ್ಧ ಮುಖ ಒಳಗೆ ಹೋಗಿರುತ್ತೆ. ಗ್ಲಾಸಿ ಪೇಪರ್ ಆದ್ರೆ ಟ್ಯೂಬ್‌ಲೈಟ್ ಹೊಳೆದು ಒಂದು ಕಡೆ ಕೂತವರಿಗೆ ಏನೂ ಕಾಣಲ್ಲ, ಮ್ಯಾಟ್ ಪೇಪರ್‌ಗೆ ಆ ತೊಂದರೆ ಇಲ್ಲ.

ದೊಡ್ಡ ಕ್ಲಾಸಿಗಂತಲೇ ಬಿಗ್ ಬುಕ್ ಅಂತ ಬರುತ್ತೆ, ಸ್ಟ್ಯಾಂಡ್ ಮೇಲಿಟ್ಟು ಎಲ್ಲರೂ ಒಟ್ಟಿಗೆ ನೋಡೋ ಅಷ್ಟು ದೊಡ್ಡದು. ಮನೇಲಿ ಮಗುನ ತೊಡೆ ಮೇಲೆ ಕೂರಿಸ್ಕೊಂಡು ಓದೋ ಅನುಭವನ ಕ್ಲಾಸಿಗೆ ತರ್ಬೇಕು ಅಂತ ನ್ಯೂಜಿಲೆಂಡಿನ ಡಾನ್ ಹೋಲ್ಡವೇ ಮತ್ತೆ ಜೊತೆಗಿದ್ದ ಟೀಚರ್‌ಗಳು ಇದನ್ನ ಬಳಸೋಕೆ ಶುರು ಮಾಡಿದ್ರು, 1979ರಲ್ಲಿ ಅವರು ಈ ಬಗ್ಗೆ ಪುಸ್ತಕನೂ ಬರೆದ್ರು. ಬಿಗ್ ಬುಕ್ ಇಲ್ಲಾಂದ್ರೆ ಪ್ರೊಜೆಕ್ಟರ್ ಇದ್ರೆ ಬಳಸಿ, ಆದ್ರೆ ಕೈಯಲ್ಲಿ ನಿಜವಾದ ಪುಸ್ತಕನೂ ಇರ್ಲಿ, ಓದಾದ್ಮೇಲೆ ಮಕ್ಕಳು ಅದನ್ನ ಮುಟ್ಟಿ ತಿರುಗ್ಸಿ ನೋಡೋಕೆ ಬೇಕು. ಏನೂ ಇಲ್ಲಾಂದ್ರೆ ಕ್ಲಾಸನ್ನ ಎರಡು ಭಾಗ ಮಾಡಿ, ಒಂದು ಭಾಗ ಚಿತ್ರ ಬರೀತಿರ್ಲಿ, ಇನ್ನೊಂದು ಭಾಗ ನಿಮ್ಮ ಸುತ್ತ ನೆಲದ ಮೇಲೆ ಅರ್ಧ ಚಂದ್ರದ ಹಾಗೆ ಕೂತ್ಕೊಳ್ಳಿ. ಪುಸ್ತಕನ ಮಕ್ಕಳ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ನಿಮ್ಮ ಮುಖದ ಪಕ್ಕಕ್ಕೆ ಹಿಡೀರಿ, ಕೆಳಗಿನಿಂದ ಒಂದೇ ಕೈಯಲ್ಲಿ. ಓದುವಾಗ ಅದನ್ನ ಆ ಕಡೆ ಈ ಕಡೆ ಬೀಸ್ಬೇಡಿ, ಒಂದು ಪುಟ ಓದಿ ನಿಲ್ಸಿ ಆಮೇಲೆ ನಿಧಾನಕ್ಕೆ ಎಲ್ಲರ ಮುಂದೂ ಹಾಯಿಸಿ.

ಪ್ರಶ್ನೆ: ನಮ್ಮ ಎರಡನೇ ಕ್ಲಾಸಲ್ಲಿ ಕೆಲವರು ಸರಾಗವಾಗಿ ಓದ್ತಾರೆ, ಕೆಲವರಿಗೆ ಇನ್ನೂ ಕಾಗುಣಿತ ಬಂದಿಲ್ಲ. ಯಾರ ಮಟ್ಟಕ್ಕೆ ಪುಸ್ತಕ ತಗೊಳ್ಬೇಕು? ಕನ್ನಡದಲ್ಲಿ ಸರಳ ಅಂತ ಹಾಕಿರೋ ಪುಸ್ತಕಗಳೂ ಕಷ್ಟ ಆಗುತ್ತೆ.

ಮೊದಲು ಎರಡು ಗುಂಪು ಮಾಡ್ಕೊಳ್ಳಿ, ನೀವು ಓದಿ ಹೇಳೋ ಪುಸ್ತಕ ಬೇರೆ, ಮಕ್ಕಳು ತಾವೇ ಓದೋ ಪುಸ್ತಕ ಬೇರೆ. ಬಹಳ ಕಡೆ ಇವೆರಡನ್ನೂ ಒಂದೇ ಅಳತೇಲಿ ಅಳೆಯೋದ್ರಿಂದಾನೇ ತೊಂದರೆ. ನೀವು ಓದಿ ಹೇಳೋದು ಮಕ್ಕಳ ಓದಿನ ಮಟ್ಟಕ್ಕಿಂತ ಮೇಲೇ ಇರ್ಲಿ, ಹೊಸ ಪದ ಬರ್ಲಿ, ಉದ್ದ ವಾಕ್ಯ ಬರ್ಲಿ, ಕೇಳಿಸ್ಕೊಂಡು ಅರ್ಥ ಮಾಡ್ಕೊಳ್ಳೋ ಶಕ್ತಿ ಓದೋ ಶಕ್ತಿಗಿಂತ ತುಂಬಾ ಮುಂದಿರುತ್ತೆ. ಕಾಗುಣಿತ ಬರದ ಮಗುಗೂ ಒಳ್ಳೇ ಕಥೆ ಕೇಳೋ ಹಕ್ಕಿದೆ, ಅದಕ್ಕೆ ಎರಡಕ್ಷರದ ಪದದ ಪುಸ್ತಕ ಮಾತ್ರ ಕೊಟ್ಟು ಕೂರಿಸೋದು ಅನ್ಯಾಯ.

ತಾವೇ ಓದೋ ಪುಸ್ತಕಕ್ಕೆ ಕನ್ನಡದಲ್ಲಿ ನೋಡ್ಬೇಕಾಗಿರೋದು ಮುಖ್ಯವಾಗಿ ಒತ್ತಕ್ಷರ. ವಾಕ್ಯ ಚಿಕ್ಕದು ಅಂತ ಸರಳ ಅನ್ನೋ ಲೇಬಲ್ ಹಾಕಿಬಿಡ್ತಾರೆ, ಒಳಗೆ ನೋಡಿದ್ರೆ 'ಉತ್ಸಾಹ', 'ಆಶ್ಚರ್ಯ', 'ಪ್ರಯತ್ನ' ಅಂತ ಒಂದರ ಹಿಂದೊಂದು ಬಂದಿರುತ್ತೆ. ಹಾಗೇ ಸಂಧಿ ಆಗಿ ಉದ್ದ ಆಗಿರೋ ಪದಗಳು, 'ಮರದಮೇಲಿಂದಿಳಿದು' ಥರದ್ದು, ಆಗಷ್ಟೇ ಓದೋಕೆ ಕಲೀತಿರೋ ಮಗು ಅದರ ಮಧ್ಯ ಉಸಿರುಗಟ್ಟಿ ನಿಂತುಬಿಡುತ್ತೆ. ಪದ ಬಿಡಿಬಿಡಿಯಾಗಿದ್ಯಾ, ಸಾಲಿನ ಕೊನೇಲಿ ಪದ ಅರ್ಧಕ್ಕೆ ಮುರಿದಿಲ್ಲ ತಾನೇ, ಅಕ್ಷರ ದೊಡ್ಡದಾಗಿದ್ಯಾ, ಒತ್ತು ಮತ್ತೆ ದೀರ್ಘ ಸ್ಪಷ್ಟವಾಗಿ ಕಾಣುತ್ತಾ ನೋಡಿ. ಗಾಢ ಚಿತ್ರದ ಮೇಲೆ ಕಪ್ಪಕ್ಷರ ಪ್ರಿಂಟ್ ಮಾಡಿರೋದಂತೂ ಬೇಡ್ವೇ ಬೇಡ.

ಒಂದೇ ಮಾತು ಮತ್ತೆ ಮತ್ತೆ ಬರೋ ಕಥೆ ಇಂಥ ಬೆರಕೆ ಕ್ಲಾಸಿಗೆ ತುಂಬಾ ಉಪಯೋಗ. ಎರಡನೇ ಪುಟದ ಹೊತ್ತಿಗೆ ಓದೋಕೆ ಬರದವರೂ ಆ ಸಾಲನ್ನ ಒಟ್ಟಿಗೆ ಹೇಳೋಕೆ ಶುರು ಮಾಡ್ತಾರೆ, ಆ ಸಾಲಿನ ಕೆಳಗೆ ನಿಮ್ಮ ಬೆರಳು ಹರೀತಿದ್ರೆ ಮಾತಿಗೂ ಅಕ್ಷರಕ್ಕೂ ಸಂಬಂಧ ತಾನಾಗೇ ಕೂರುತ್ತೆ.

ಅನುವಾದ ಆಗಿ ಬಂದಿರೋ ಪುಸ್ತಕನ ಜೋರಾಗಿ ಓದದೆ ತಗೊಳ್ಳಲೇಬೇಡಿ. ಕಣ್ಣಿಗೆ ಸರಿ ಕಂಡ ವಾಕ್ಯ ಬಾಯಿಗೆ ಬಂದಾಗ ತೊಡರುತ್ತೆ, ಮೂಲದಲ್ಲಿ ಪ್ರಾಸ ಇತ್ತು ಅಂತ ಇಲ್ಲೂ ಎಳೆದು ತಂದು ಕೂರಿಸಿರೋ ಪ್ರಾಸ ಇನ್ನೂ ಕಷ್ಟ. ಎರಡು ಪುಟ ಓದೋವಷ್ಟರಲ್ಲಿ ನೀವೇ ಮನಸ್ಸಲ್ಲಿ ವಾಕ್ಯ ಬದಲಾಯಿಸ್ಕೊಂಡು ಓದ್ತಿದೀರ ಅಂದ್ರೆ ಆ ಪುಸ್ತಕ ವಾಪಸ್ ಇಡಿ.

ಪ್ರಶ್ನೆ: ಪ್ರತಿ ಪುಸ್ತಕದಲ್ಲೂ ಒಂದು ನೀತಿ ಇರ್ಬೇಕು ಅಂತ ನಮ್ಮ ಹೆಡ್ ಮೇಡಂ ಹೇಳ್ತಾರೆ. ನೀತಿ ಇಲ್ಲದ ಕಥೆ ಓದಿದ್ರೆ ಕ್ಲಾಸಿನ ಟೈಮ್ ವೇಸ್ಟಾ?

ಖಂಡಿತ ಅಲ್ಲ. ಕೊನೇ ಪುಟದಲ್ಲಿ ದಪ್ಪಕ್ಷರದಲ್ಲಿ ನೀತಿ ಬರ್ದಿದ್ರೆ ಮಕ್ಕಳು ಕಥೆ ಬಿಟ್ಟು ಅದನ್ನ ಬಾಯಿಪಾಠ ಮಾಡ್ತಾರೆ, 'ಈ ಕಥೆಯಿಂದ ಏನು ಕಲಿತ್ರಿ' ಅಂದ ತಕ್ಷಣ ಒಂದೇ ಸ್ವರದಲ್ಲಿ ಒಪ್ಪಿಸ್ತಾರೆ, ಅಲ್ಲಿಗೆ ಯೋಚನೆ ಮುಗೀತು. ಹೆಡ್ ಮೇಡಂಗೆ ಬೇಕಾಗಿರೋದೂ ಮಕ್ಕಳಲ್ಲಿ ಒಳ್ಳೇ ಗುಣ ಬೆಳೀಲಿ ಅಂತಾನೇ, ಅದು ಬೆಳೆಯೋದು ಪಾತ್ರದ ಜಾಗದಲ್ಲಿ ನಿಂತು ಯೋಚನೆ ಮಾಡಿದಾಗ. ಸ್ನೇಹಿತನ ಆಟಿಕೆ ಮುರಿದು ಬಚ್ಚಿಟ್ಟ ಹುಡುಗನ ಕಥೆ ಇದೆ ಅಂದ್ಕೊಳ್ಳಿ, ಕೊನೇಲಿ 'ಸುಳ್ಳು ಹೇಳಬಾರದು' ಅಂತ ಬರೆಯೋ ಬದ್ಲು ಅವನು ಬಾಗಿಲ ಹತ್ರ ಕೈ ಹಿಂದಕ್ಕೆ ಕಟ್ಕೊಂಡು ನಿಂತಿರೋ ಚಿತ್ರದಲ್ಲಿ ಪುಸ್ತಕ ಮುಗಿದ್ರೆ, ಈಗ ಅವನು ಏನ್ಮಾಡ್ತಾನೆ, ನೀನಾಗಿದ್ರೆ ಏನ್ಮಾಡ್ತಿದ್ದೆ ಅಂತ ಅರ್ಧ ಗಂಟೆ ಮಾತಾಡ್ಬೋದು. ಮೇಡಂನ ಒಂದು ದಿನ ಅಂಥ ಕ್ಲಾಸಿಗೆ ಕರೆದು ಹಿಂದೆ ಕೂರಿಸಿ, ವಾದ ಮಾಡೋದಕ್ಕಿಂತ ಅದು ಸುಲಭ. ಬರೀ ನಗೋಕೆ ಅಂತ ಇರೋ ಪುಸ್ತಕಗಳೂ ಶೆಲ್ಫಲ್ಲಿರ್ಲಿ, ಪುಸ್ತಕ ಅಂದ್ರೆ ಖುಷಿ ಅಂತ ಗೊತ್ತಾಗದ ಮಗು ಮುಂದೆ ಪುಸ್ತಕದ ಹತ್ರ ಬರಲ್ಲ.

ಪ್ರಶ್ನೆ: ಮಾತೇ ಇಲ್ಲದ ಚಿತ್ರಪುಸ್ತಕ ಒಂದು ಸಿಕ್ತು. ಅದನ್ನ ಕ್ಲಾಸಲ್ಲಿ ಏನು ಮಾಡೋದು ಅಂತಾನೇ ಗೊತ್ತಾಗ್ತಿಲ್ಲ.

ಮಾತಿಲ್ಲದ ಪುಸ್ತಕ ಸಿಕ್ಕಿದ್ರೆ ಬಿಡ್ಬೇಡಿ, ಮನೇಲಿ ಬೇರೆ ಭಾಷೆ ಮಾತಾಡೋ ಮಕ್ಕಳಿರೋ ಕ್ಲಾಸಲ್ಲಂತೂ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡೋ ಹಾಗಾಗುತ್ತೆ. ಕಷ್ಟ ಏನಂದ್ರೆ ಮಾತಿಲ್ಲ ಅಂತ ಟೀಚರೇ ಕಥೆ ಕಟ್ಟಿ ಹೇಳಿಬಿಡೋದು. ಅದು ಬೇಡ. ಮೊದಲ ಸಲ ಏನೂ ಹೇಳದೆ ಪುಟ ತಿರುಗ್ಸಿ, ನಿಜವಾಗ್ಲೂ ಸುಮ್ನಿರಿ. ಎರಡನೇ ಸಲ ಒಂದೊಂದು ಪುಟದಲ್ಲಿ ನಿಂತು ಕೇಳಿ.

ಏನು ಕೇಳೋದು ಅಂದ್ರೆ, ಅಬಿಗೇಲ್ ಹೌಸೆನ್ ಮತ್ತೆ ಫಿಲಿಪ್ ಯೆನವೈನ್ ಅನ್ನೋರು ಮ್ಯೂಸಿಯಂನಲ್ಲಿ ಚಿತ್ರ ನೋಡೋರಿಗೆ ಅಂತ ರೂಪಿಸಿದ ಮೂರು ಪ್ರಶ್ನೆ ಇಲ್ಲಿಗೂ ಹೇಳಿ ಮಾಡಿಸಿದ ಹಾಗಿದೆ. ಈ ಚಿತ್ರದಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳ್ತಿದೀಯ? ಇನ್ನೂ ಏನೇನು ಕಾಣ್ತಿದೆ? ಅಷ್ಟೇ. ಇದ್ರಲ್ಲಿ ಎರಡನೇದಕ್ಕೆ ತೂಕ ಜಾಸ್ತಿ. 'ಅಜ್ಜಿಗೆ ಬೇಜಾರಾಗಿದೆ' ಅಂತ ಒಂದು ಮಗು ಅಂದ್ರೆ ಸರಿ ತಪ್ಪು ಅನ್ಬೇಡಿ, ಏನು ನೋಡಿ ಹಾಗಂದೆ ಅಂತ ಕೇಳಿ, 'ಕನ್ನಡಕ ತೆಗ್ದು ಮಡಿಲಲ್ಲಿಟ್ಟಿದಾಳೆ, ಎದುರುಗಡೆ ಕುರ್ಚಿ ಖಾಲಿ ಇದೆ' ಅನ್ನುತ್ತೆ, ಅಷ್ಟರಲ್ಲಿ ಪಕ್ಕದ ಮಗು 'ಇಲ್ಲ ಅವಳು ನಿದ್ದೆ ಮಾಡೋಕೆ ಕನ್ನಡಕ ತೆಗ್ದಿರೋದು, ಕಿಟಕೀಲಿ ಕತ್ಲಾಗಿದೆ ನೋಡು' ಅನ್ನುತ್ತೆ. ಇಬ್ಬರೂ ಚಿತ್ರದಿಂದ ಸಾಕ್ಷಿ ತೋರ್ಸಿ ವಾದ ಮಾಡ್ತಿದಾರೆ, ಮುಂದೆ ಪಾಠದ ಪ್ಯಾರಾ ಓದಿ ಉತ್ತರ ಬರೆಯುವಾಗ ಮಾಡ್ಬೇಕಾಗಿರೋದೂ ಇದೇ ಕೆಲಸ. ಆಮೇಲೆ ಮಕ್ಕಳು ಹೇಳಿದ್ದನ್ನ ಅವರದೇ ಮಾತಲ್ಲಿ ಚೀಟೀಲಿ ಬರ್ದು ಪುಟಕ್ಕೆ ಅಂಟಿಸಿದ್ರೆ ಕ್ಲಾಸಿನದ್ದೇ ಒಂದು ಕಥೆ ಆಯ್ತು.

ದೊಡ್ಡ ಕ್ಲಾಸಿಗೆ ಚಿತ್ರಪುಸ್ತಕ ಸರಿ ಹೋಗುತ್ತಾ ಅಂತ ಆರು ಏಳನೇ ಕ್ಲಾಸಿನ ಟೀಚರ್‌ಗಳೂ ಕೇಳಿದಾರೆ. ಹೋಗುತ್ತೆ. ಶಾನ್ ಟಾನ್ 2006ರಲ್ಲಿ ತಂದ 'ದ ಅರೈವಲ್' ಊರು ಬಿಟ್ಟು ಗೊತ್ತಿಲ್ಲದ ನಾಡಿಗೆ ಹೋದವನ ಕಥೆ, ಒಂದೂ ಮಾತಿಲ್ಲ, ಅಲ್ಲಿನ ಬೋರ್ಡುಗಳ ಲಿಪಿ ಕೂಡ ಕಲ್ಪನೆಯದ್ದು, ಹಾಗಾಗಿ ಓದೋರಿಗೂ ಅವನಷ್ಟೇ ಗೊಂದಲ ಆಗುತ್ತೆ. ಇದನ್ನ ಪುಟ್ಟ ಮಕ್ಕಳಿಗೆ ಕೊಟ್ರೆ ಅರ್ಥ ಆಗೋದು ಕಷ್ಟ, ಹನ್ನೆರಡು ಹದಿಮೂರರವರಿಗೆ ಸರಿಯಾದ ವಯಸ್ಸು.

ಪ್ರಶ್ನೆ: ವಿಜ್ಞಾನದ ಚಿತ್ರಪುಸ್ತಕ ತಗೊಳ್ಳುವಾಗ ಮಾಹಿತಿ ಸರಿ ಇದೆ ಅಂತ ಹೇಗೆ ಚೆಕ್ ಮಾಡೋದು? ನಾನು ಭಾಷಾ ಟೀಚರ್, ವಿಜ್ಞಾನ ಅಷ್ಟಾಗಿ ಗೊತ್ತಿಲ್ಲ.

ಮಾತಲ್ಲಿ ತಪ್ಪಿದ್ರೆ ಯಾರಾದ್ರೂ ಹಿಡೀತಾರೆ, ತಪ್ಪು ಜಾಸ್ತಿ ನುಸುಳೋದು ಚಿತ್ರದಲ್ಲಿ, ಮಕ್ಕಳಿಗೆ ನೆನಪಲ್ಲಿ ಉಳಿಯೋದೂ ಅದೇ. ಹಾಗಾಗಿ ಬೇಗ ನೋಡ್ಬೋದಾದ ಕೆಲವು ಜಾಗ ಹೇಳ್ತೀನಿ. ಜೇಡಕ್ಕೆ ಎಂಟು ಕಾಲು, ಎಲ್ಲಾ ದೇಹದ ಮುಂದಿನ ಭಾಗದಿಂದ ಬರ್ಬೇಕು, ಹಿಂದಿನ ದುಂಡು ಹೊಟ್ಟೆಯಿಂದ ಅಲ್ಲ. ಇರುವೆ, ಚಿಟ್ಟೆ, ಜೇನುನೊಣಕ್ಕೆ ಆರು ಕಾಲು, ಅವು ಮಧ್ಯದ ಭಾಗಕ್ಕೆ ಸೇರಿರ್ಬೇಕು. ಕಾಮನಬಿಲ್ಲಲ್ಲಿ ಕೆಂಪು ಹೊರಗೆ, ನೇರಳೆ ಒಳಗೆ. ಹಿಮದ ಹರಳಿಗೆ ಆರು ಕವಲು, ಎಂಟು ಬರೆದಿರೋ ಚಿತ್ರ ಬೇಕಾದಷ್ಟು ಸಿಗುತ್ತೆ. ಬಿಳಿ ಕರಡಿ ಉತ್ತರ ಧ್ರುವದ ಕಡೇದು, ಪೆಂಗ್ವಿನ್‌ಗಳು ದಕ್ಷಿಣದ ಕಡೇವು, ಎರಡೂ ಒಂದೇ ಹಿಮದ ಮೇಲೆ ಕೈಕೈ ಹಿಡ್ಕೊಂಡು ನಿಂತಿದ್ರೆ ಅದು ಕಥೆಪುಸ್ತಕದಲ್ಲಾದ್ರೆ ಸರಿ, ಮಾಹಿತಿ ಪುಸ್ತಕದಲ್ಲಿ ಅಲ್ಲ. ಬಾಗಿದ ಚಂದ್ರನ ಎರಡು ಕೊಂಬಿನ ಒಳಗೆ ನಕ್ಷತ್ರ ಕೂರಿಸಿರೋದೂ ತಪ್ಪೇ, ಅಲ್ಲಿ ಚಂದ್ರನ ಕತ್ತಲೆ ಭಾಗ ಇದೆಯಲ್ಲ, ಅದರ ಹಿಂದಿನ ನಕ್ಷತ್ರ ನಮಗೆ ಕಾಣೋಕೆ ಸಾಧ್ಯ ಇಲ್ಲ.

ಇಂಥ ಒಂದೆರಡು ತಪ್ಪು ಸಿಕ್ಕಿದ್ರೆ ಉಳಿದಿದ್ದನ್ನೂ ಅನುಮಾನದಿಂದಲೇ ನೋಡಿ. ಪುಸ್ತಕದ ಮೊದಲ ಅಥವಾ ಕೊನೇ ಪುಟದಲ್ಲಿ ವಿಷಯ ತಜ್ಞರು ಯಾರಾದ್ರೂ ನೋಡಿದಾರೆ ಅಂತ ಹೆಸರು ಹಾಕಿದಾರಾ ಗಮನಿಸಿ. ಅಳತೆಯ ಅಂದಾಜು ಸಿಗೋ ಹಾಗೆ ಚಿತ್ರ ಇದ್ಯಾ ಅನ್ನೋದೂ ಮುಖ್ಯ, ಒಂದು ಪುಟದಲ್ಲಿ ಇರುವೆ ಇನ್ನೊಂದರಲ್ಲಿ ಆನೆ ಒಂದೇ ಸೈಜಲ್ಲಿದ್ರೆ ಪಕ್ಕದಲ್ಲಿ ಒಂದು ಎಲೆನೋ ಮನುಷ್ಯನ ಕೈನೋ ಇರ್ಬೇಕು. ಇಷ್ಟವಾದ ಪುಸ್ತಕದಲ್ಲಿ ಒಂದು ಸಣ್ಣ ತಪ್ಪಿದ್ರೆ ಎಸೀಬೇಡಿ, 'ಈ ಪುಟದಲ್ಲಿ ಒಂದು ತಪ್ಪಿದೆ, ಹುಡುಕಿ' ಅಂತ ಮಕ್ಕಳಿಗೇ ಕೊಡಿ.

ಪ್ರಶ್ನೆ: ಸಾವು, ಜಗಳ, ಭಯ ಇರೋ ಚಿತ್ರಪುಸ್ತಕ ಚಿಕ್ಕ ಮಕ್ಕಳಿಗೆ ಓದ್ಬೋದಾ? ಯಾವ ಮಗು ಮನೇಲಿ ಏನಿದೆಯೋ ಅಂತ ಹೆದರಿಕೆ ಆಗುತ್ತೆ.

ನಿಮ್ಮ ಹೆದರಿಕೆ ಸರಿಯಾಗೇ ಇದೆ, ಆದ್ರೆ ಅದಕ್ಕೋಸ್ಕರ ಅಂಥ ಪುಸ್ತಕನೇ ಬೇಡ ಅನ್ನೋದು ಸರಿಯಲ್ಲ. ಮಕ್ಕಳ ಬದುಕಲ್ಲಿ ಅದೆಲ್ಲ ಆಗ್ಲೇ ಇರುತ್ತೆ, ಮಾತಾಡೋಕೆ ಜಾಗ ಇರಲ್ಲ ಅಷ್ಟೇ. ಮೊದಲು ನೀವೊಬ್ಬರೇ ಓದಿ, ನಿಮಗೇ ಗಂಟಲು ಕಟ್ಟಿದ್ರೆ ಇಡೀ ಕ್ಲಾಸಿಗೆ ಓದೋ ದಿನ ಇವತ್ತಲ್ಲ ಅಂತ ತಿಳ್ಕೊಳ್ಳಿ. ಕ್ಲಾಸಲ್ಲಿ ಯಾರ ಮನೇಲಾದ್ರೂ ಇತ್ತೀಚೆಗೆ ಸಾವಾಗಿದ್ರೆ ಮನೆಯವರ ಹತ್ರ ಮೊದ್ಲೇ ಒಂದು ಮಾತು ಹೇಳಿ, ಆ ಮಗುಗೆ ಎದ್ದು ಹೋಗೋಕೂ ಅವಕಾಶ ಇರ್ಲಿ. ಪುಸ್ತಕ ಆರಿಸುವಾಗ ನೋಡ್ಬೇಕಾಗಿರೋದು, ಸತ್ತೋರನ್ನ 'ಮಲಗಿದಾರೆ', 'ದೂರ ಹೋಗಿದಾರೆ' ಅಂತ ಸುತ್ತಿಬಳಸಿ ಹೇಳಿದ್ಯಾ ಅಂತ. ಪುಟ್ಟ ಮಕ್ಕಳು ಅದನ್ನ ಹಾಗೇ ನಂಬ್ತಾರೆ, ರಾತ್ರಿ ಮಲಗೋಕೆ ಹೆದರ್ತಾರೆ. ನೇರವಾಗಿ, ಮೆತ್ತಗೆ ಹೇಳಿರೋದು ಒಳ್ಳೇದು. ಕೊನೇ ಗಂಟೇಲಿ ಓದಿ ಮನೆಗೆ ಕಳಿಸ್ಬೇಡಿ, ಓದಿದ್ಮೇಲೆ ಮಾತಾಡೋಕೆ ಟೈಮ್ ಉಳಿಯೋ ಹಾಗೆ ಬೆಳಗ್ಗೆನೇ ಓದಿ.

ಇದರ ಜೊತೆಗೇ ಇನ್ನೊಂದು, ಪುಸ್ತಕದಲ್ಲಿ ಯಾರ್ಯಾರು ಇದಾರೆ ಅನ್ನೋದು. ಅಮೆರಿಕದ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಒಂದು ಲೇಖನದಲ್ಲಿ ಪುಸ್ತಕಗಳು ಮಕ್ಕಳಿಗೆ ಕಿಟಕಿನೂ ಆಗ್ಬೇಕು, ಕನ್ನಡಿನೂ ಆಗ್ಬೇಕು ಅಂದ್ರು, ಅಂದ್ರೆ ಬೇರೆಯವರ ಬದುಕು ಕಾಣ್ಬೇಕು, ತಂದೂ ಕಾಣ್ಬೇಕು. ಶೆಲ್ಫಿನ ಎಲ್ಲಾ ಪುಸ್ತಕ ಕೆಳಗಿಳಿಸಿ ಬರೀ ಚಿತ್ರ ನೋಡಿ. ಅಮ್ಮ ಎಲ್ಲಾ ಪುಸ್ತಕದಲ್ಲೂ ಅಡುಗೆಮನೇಲೇ ಇದಾಳಾ, ಅಪ್ಪ ಯಾವಾಗ್ಲೂ ಪೇಪರ್ ಹಿಡ್ಕೊಂಡೇ ಇದಾನಾ? ಕಪ್ಪು ಬಣ್ಣದೋರು ಅಂದ್ರೆ ಕಳ್ಳರೇನಾ? ಗಾಲಿ ಕುರ್ಚೀಲಿರೋ ಮಗುಗೆ ಬೇರೆಯವರು ಸಹಾಯ ಮಾಡೋದು ಬಿಟ್ರೆ ಕಥೇಲಿ ಅದಕ್ಕೇ ಅಂತ ಏನಾದ್ರೂ ಕೆಲಸ ಇದ್ಯಾ, ತಂಟೆ ಮಾಡುತ್ತಾ, ಆಟ ಗೆಲ್ಲುತ್ತಾ? ಮಾತಲ್ಲಿ ಎಲ್ಲಾ ಸರಿ ಇದ್ದು ಚಿತ್ರದಲ್ಲಿ ಹೀಗಾಗಿರೋದು ತುಂಬಾ. ಒಂದು ಪುಸ್ತಕದಲ್ಲಿ ಎಲ್ಲಾ ಇರ್ಬೇಕು ಅಂತ ಹುಡುಕ್ಬೇಡಿ, ಶೆಲ್ಫಿನ ಒಟ್ಟು ಲೆಕ್ಕ ನೋಡಿ.

ಪ್ರಶ್ನೆ: ಹೊಸ ಪುಸ್ತಕ ಎಷ್ಟು ತಂದ್ರೂ ಮಕ್ಕಳು ಅದೇ ಹಳೇ ಪುಸ್ತಕ ಓದಿ ಅಂತಾರೆ. ಬದಲಾಯಿಸ್ಬೇಕಾ?

ಬೇಡ, ಓದಿ. ಮೂರು ವರ್ಷದ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ಜೆಸಿಕಾ ಹಾರ್ಸ್ಟ್ ಮತ್ತೆ ಜೊತೆಯವರು ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಕಥೆ ಕೇಳಿದವರಿಗಿಂತ ಒಂದೇ ಕಥೆನ ಮತ್ತೆ ಮತ್ತೆ ಕೇಳಿದ ಮಕ್ಕಳು ಹೊಸ ಪದಗಳನ್ನ ಚೆನ್ನಾಗಿ ಕಲಿತಿದ್ರು, ಎರಡೂ ಗುಂಪಿಗೆ ಆ ಪದಗಳು ಕಿವಿಗೆ ಬಿದ್ದಿದ್ದು ಅಷ್ಟೇ ಸಲ ಆದ್ರೂ. ಮೊದಲ ಓದಲ್ಲಿ ಕಥೆ, ಎರಡನೇದರಲ್ಲಿ ಚಿತ್ರದ ಮೂಲೆ, ಮೂರನೇದರಲ್ಲಿ ಮಾತು, ಹಾಗೆ ಒಂದೊಂದು ಸಲ ಒಂದೊಂದು ಗಮನಕ್ಕೆ ಬರುತ್ತೆ. ಆರಿಸುವಾಗ ಇದನ್ನೂ ಕೇಳ್ಕೊಳ್ಳಿ, ಈ ಪುಸ್ತಕನ ನಾನು ವಾರದಲ್ಲಿ ಮೂರು ಸಲ ಬೇಜಾರಿಲ್ಲದೆ ಓದ್ಬಲ್ಲೆನಾ ಅಂತ.

ಪ್ರಶ್ನೆ: ಪುಸ್ತಕ ಕೊಳ್ಳೋಕೆ ಹಣ ತುಂಬಾ ಕಮ್ಮಿ. ಎಲ್ಲಿಂದ ಶುರು ಮಾಡ್ಲಿ?

ಜಾಸ್ತಿ ಪುಸ್ತಕ ಬೇಕು ಅಂತ ಕಮ್ಮಿ ದರದ ಸೆಟ್ ತಗೋಬೇಡಿ, ಅದ್ರಲ್ಲಿ ಎರಡು ಚೆನ್ನಾಗಿದ್ರೆ ಎಂಟು ಸುಮ್ನೆ ಜಾಗ ತಿನ್ನುತ್ತೆ. ಸ್ವಲ್ಪನೇ ತಗೊಳ್ಳಿ, ನೋಡಿ ತಗೊಳ್ಳಿ. ಬೆನ್ನು ಅಂಟಿಸಿರೋದಕ್ಕಿಂತ ಹೊಲಿಗೆ ಹಾಕಿರೋದು ಬಾಳಿಕೆ ಬರುತ್ತೆ, ತೆಳು ಪುಸ್ತಕ ಆದ್ರೆ ಮಧ್ಯ ಪಿನ್ ಹೊಡೆದಿರೋದೂ ಪೂರ್ತಿ ಚಪ್ಪಟೆಯಾಗಿ ತೆರೆಯೋದ್ರಿಂದ ಕ್ಲಾಸಿಗೆ ಅನುಕೂಲ.

ಉಳಿದಿದ್ದಕ್ಕೆ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ಕನ್ನಡನೂ ಸೇರಿ ತುಂಬಾ ಭಾಷೇಲಿ ಚಿತ್ರಪುಸ್ತಕ ಇದೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿದಾರೆ, ಮುಕ್ತ ಲೈಸೆನ್ಸ್ ಇರೋದ್ರಿಂದ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದು ಬಳಸ್ಬೋದು, ಯಾರು ಬರೆದ್ರು ಯಾರು ಚಿತ್ರ ಬಿಡಿಸಿದ್ರು ಅನ್ನೋ ಹೆಸರು ಮಾತ್ರ ತೆಗೀಬಾರದು. ಅನುವಾದ ಯಾರು ಬೇಕಾದ್ರೂ ಮಾಡ್ಬೋದು ಅನ್ನೋ ಕಾರಣಕ್ಕೆ ಗುಣಮಟ್ಟ ಒಂದೇ ಥರ ಇರಲ್ಲ, ಮೇಲೆ ಹೇಳಿದ ಹಾಗೆ ಜೋರಾಗಿ ಓದಿಯೇ ಆರಿಸಿ. ಪ್ರಿಂಟ್ ಮಾಡುವಾಗ ಪುಟ ಅಡ್ಡ ಇರ್ಬೇಕಾ ಉದ್ದ ಇರ್ಬೇಕಾ ನೋಡ್ಕೊಂಡು, ಎರಡು ಪುಟ ಸೇರಿ ಒಂದೇ ಚಿತ್ರ ಇರೋ ಕಡೆ ಮಧ್ಯ ಬಿಳಿ ಅಂಚು ಬರದ ಹಾಗೆ ಅಂಟಿಸಿ.

ಕೊಳ್ಳೋ ಪಟ್ಟಿ ಕೊನೆ ಮಾಡೋ ಮುಂಚೆ ಯಾರದ್ದಾದ್ರೂ ಹತ್ರ ಎರವಲು ತಂದ ಪುಸ್ತಕಗಳನ್ನ ಮುಖಪುಟ ಕಾಣೋ ಹಾಗೆ ಒಂದು ವಾರ ಕ್ಲಾಸಲ್ಲಿ ನಿಲ್ಲಿಸಿಡಿ, ಬೆನ್ನು ಕಾಣೋ ಹಾಗೆ ಜೋಡಿಸ್ಬೇಡಿ, ಓದೋಕೆ ಬರದ ಮಗುಗೆ ಬೆನ್ನಲ್ಲಿ ಏನೂ ಕಾಣಲ್ಲ. ಯಾವ್ದನ್ನ ಇಬ್ಬರು ಮೂವರು ಒಟ್ಟಿಗೆ ಬಗ್ಗಿ ನೋಡ್ತಾರೆ, ಯಾವ್ದರ ಪುಟ ಹಿಂದಕ್ಕೆ ತಿರುಗಿಸಿ ಮತ್ತೆ ನೋಡ್ತಾರೆ, ಯಾವ್ದನ್ನ ತೆರೆದು ತಕ್ಷಣ ಇಟ್ಟುಬಿಡ್ತಾರೆ ಅಂತ ಬರ್ಕೊಳ್ಳಿ. ಆ ಪಟ್ಟೀನೂ ನಿಮ್ಮ ಪಟ್ಟೀನೂ ಎರಡರಲ್ಲೂ ಇರೋದನ್ನ ಮೊದಲು ತಗೊಳ್ಳಿ, ಹಣ ಉಳಿದ್ರೆ ಮಕ್ಕಳ ಪಟ್ಟಿಯಿಂದ ಇನ್ನೊಂದು.